ಕಣ್ಣು ಅಗ್ಗ, ಕಾಲು ತುಟ್ಟಿ

2025ರ ಮೇ ಕೊನೆಯಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 58 ಕಿಲೋ ಚಿನ್ನ ಕಳುವಾಯಿತು. ನಾಲ್ಕು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 16ರ ಸಂಜೆ, ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿ, ಸಿಬ್ಬಂದಿಯನ್ನು ಕಟ್ಟಿಹಾಕಿ ನಗದು, ಚಿನ್ನ ಎರಡನ್ನೂ ಹೊತ್ತೊಯ್ದರು. ಒಂದೇ ವರ್ಷ ಒಂದೇ ಜಿಲ್ಲೆಯಲ್ಲಿ ಇಂಥವೆರಡು ನಡೆದ ಮೇಲೆ ಕಾವಲಿನ ಮಾತು ಎಲ್ಲ ಕಡೆಯೂ ಬರುತ್ತದೆ. ಮೊಬೈಲಿನಲ್ಲಿ ಯಾವುದೋ ದೇಶದ ಮಾಲ್‌ನ ವಿಡಿಯೊ ತೆಗೆದು ತೋರಿಸುವವರೂ ಇದ್ದಾರೆ. ಆಳೆತ್ತರದ ಬಿಳಿ ಯಂತ್ರವೊಂದು ತನ್ನಷ್ಟಕ್ಕೆ ಉರುಳುತ್ತ, ಎದುರಾದವರನ್ನು ಬಳಸಿ ಹೋಗುತ್ತ ಗಸ್ತು ಹೊಡೆಯುತ್ತದೆ. "ಇಂಥಾದೊಂದು ನಮ್ಮ ಕಡೆನೂ ತಂದು ಬಿಟ್ರ ಹೆಂಗ್ರಿ?"

ಪ್ರಶ್ನೆ ಸಸಾರವಾದುದಲ್ಲ. ಆದರೆ ಉತ್ತರ ಯಂತ್ರದ ಬುದ್ಧಿಯಲ್ಲಿಲ್ಲ, ಅದರ ಕಾಲು, ಹೊಟ್ಟೆಗಳಲ್ಲಿದೆ. ಅದಕ್ಕೂ ಮೊದಲು ಒಂದು ಮಾತು. ಮನಗೂಳಿಯ ಪ್ರಕರಣದಲ್ಲಿ ಪೊಲೀಸರು ಹಿಡಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕನೇ ಇದ್ದ, ಬೀಗಕ್ಕೆ ನಕಲಿ ಕೀಲಿ ಮೊದಲೇ ತಯಾರಾಗಿತ್ತು ಎಂದು ತನಿಖೆ ಹೇಳಿತು. ಒಳಮನೆಯ ಗುಟ್ಟು ಬಲ್ಲವನ ಮುಂದೆ ಯಾವ ರೋಬೊ ನಿಂತರೇನು? ಕಾವಲು ರೋಬೊ ಹುಟ್ಟಿದ್ದು ಬೇರೆ ಬಗೆಯ ಕಳವಿಗಾಗಿ. ಊರಾಚೆ, ಕತ್ತಲಲ್ಲಿ, ಉದ್ದನೆಯ ಬೇಲಿಯ ಯಾವುದೋ ಮೂಲೆಯಲ್ಲಿ ನಡೆಯುವ ಕಳವು ಅದು. ಟ್ರಾನ್ಸ್‌ಫಾರ್ಮರಿನೊಳಗಿನ ತಾಮ್ರ, ಪಂಪ್‌ಸೆಟ್ಟಿನ ಕೇಬಲ್, ಶೆಡ್ಡಿನಲ್ಲಿಟ್ಟ ಮಣೂಕದ, ಎಂದರೆ ಒಣದ್ರಾಕ್ಷಿಯ, ಬಾಕ್ಸು. ಬೆಳಗಿನ ಜಾವ ಮೂರು ಗಂಟೆಗೆ ವಾಚಮನ್ನನಿಗೆ ಕಣ್ಣು ಹತ್ತುವ ಹೊತ್ತಿನ ಕಳವು.

ಈ ಯಂತ್ರ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ, ಚಿಕ್ಕದಾಗಿ 'ಕೇರ್', 1986ರಲ್ಲೇ ಶುರುವಾಯಿತು. ಆಗ ಈ ಎರಡು ಶಬ್ದಗಳನ್ನು ಪತ್ರಿಕೆಗಳಲ್ಲಿ ಕಾಣುವುದೇ ಅಪರೂಪ. ಅಲ್ಲಿನ ವಿಜ್ಞಾನಿಗಳು ಗಸ್ತಿಗೂ ಬೇಹಿಗೂ ಎಂದು 'ರೋಬೊಸೆನ್' ಎಂಬ ಕಾವಲು ಯಂತ್ರ ರೂಪಿಸಿದರು. ಅಡ್ಡಿಗಳನ್ನು ತಪ್ಪಿಸಿಕೊಂಡು ತಾನೇ ನಡೆಯುತ್ತ, ಎಡೆಬಿಡದೆ ವಿಡಿಯೊ ಕಳಿಸುವ ಯಂತ್ರ. ಅದರ ವಿವರಣೆಯಲ್ಲಿ ಒಂದು ಮಾತು ಸೇರಿದೆ: ಅದು ನಡೆಯುವುದು 'ಅರೆ ವ್ಯವಸ್ಥಿತ' ಪರಿಸರದಲ್ಲಿ. ಎಂದರೆ ರಸ್ತೆ, ಗೋಡೆ, ಗೇಟು ಇದ್ದಲ್ಲೇ ಇರುತ್ತವೆ, ನಡುವೆ ಜನ, ವಾಹನ ಮಾತ್ರ ಹೇಗೆಂದರೆ ಹಾಗೆ ಓಡಾಡುತ್ತವೆ. ರಕ್ಷಣಾ ಇಲಾಖೆಯ ಎಂಜಿನಿಯರರೇ ಇಷ್ಟು ಎಚ್ಚರದಿಂದ ಗೆರೆ ಎಳೆದಿದ್ದಾರೆಂಬುದನ್ನು ಮಾರಾಟಕ್ಕೆ ಬರುವವರು ನಮಗೆ ಹೇಳುವುದಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಪುಣೆಯದು. 2020ರ ಜೂನ್‌ನಲ್ಲಿ, ಕೊರೊನಾ ನಡುವೆ, ಅಲ್ಲಿನ ರೈಲ್ವೆ ರಕ್ಷಣಾ ಪಡೆ 'ಕ್ಯಾಪ್ಟನ್ ಅರ್ಜುನ್' ಎಂಬ ರೋಬೊವನ್ನು ನಿಲ್ದಾಣಕ್ಕೆ ಇಳಿಸಿತು. ಜ್ವರ ನೋಡುವುದು ಅದರ ಮುಖ್ಯ ಕೆಲಸವಾದರೂ ಮೈಯೊಳಗಿದ್ದುದು ಕಾವಲುಗಾರನ ಸಾಮಾನು. ಎತ್ತ ಬೇಕಾದರೂ ತಿರುಗುವ ಒಂದು ಕ್ಯಾಮೆರಾ, ಒಂದು ಗುಮ್ಮಟ ಕ್ಯಾಮೆರಾ, ಚಲನೆ ಗುರುತಿಸುವ ಸಂವೇದಕ, ಸೈರನ್ನು, ಸ್ಪಾಟ್‌ಲೈಟು, ನೆಟ್‌ವರ್ಕ್ ಹೋದರೆ ದೃಶ್ಯ ಕೂಡಿಡಲು ಒಳಗೇ ಒಂದು ಸ್ಟೋರೇಜು. ರೈಲ್ವೆ ಪ್ಲಾಟ್‌ಫಾರ್ಮು ಸಮತಟ್ಟು, ನೆತ್ತಿಯ ಮೇಲೆ ಸೂರು, ಸುತ್ತ ಕರೆಂಟು. ಗಾಲಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ.

ಸಾಮಾನ್ಯವಾಗಿ ಇಂಥ ಯಂತ್ರವನ್ನು ತಲೆಯಿಂದ ವಿವರಿಸುತ್ತಾರೆ: ಕ್ಯಾಮೆರಾ, ಕೃತಕ ಬುದ್ಧಿ, ಮುಖ ಗುರುತಿಸುವಿಕೆ. ವಿಜಯಪುರದ ಮಟ್ಟಿಗೆ ಕಾಲಿನಿಂದ ಮೇಲಕ್ಕೆ ಹೋಗುವುದೇ ಸರಿ.

ಕಾವಲು ರೋಬೊಗಳ ಗಾಲಿಯೊಳಗಿರುವುದು ಬಹುಮಟ್ಟಿಗೆ ಬ್ರಶ್‌ಲೆಸ್ ಮೋಟರು. ನಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಗಾಲಿಯೊಳಗಿರುವುದರ ದಾಯಾದಿ. ನಾಲ್ಕು ಗಾಲಿಯ ಹೆಚ್ಚಿನ ಯಂತ್ರಗಳಲ್ಲಿ ಸ್ಟೀರಿಂಗೇ ಇರುವುದಿಲ್ಲ. ಎಡಗಡೆಯ ಗಾಲಿಗಳನ್ನು ಒಂದು ವೇಗದಲ್ಲಿ, ಬಲಗಡೆಯವನ್ನು ಇನ್ನೊಂದು ವೇಗದಲ್ಲಿ ತಿರುಗಿಸಿದರೆ ಮೈ ಹೊರಳುತ್ತದೆ. ಕಟ್ಟಲು ಸರಳ, ಕೆಡುವ ಭಾಗ ಕಡಿಮೆ. ಆದರೆ ಪ್ರತಿ ತಿರುವಿನಲ್ಲೂ ಟೈರು ನೆಲವನ್ನು ಉಜ್ಜುತ್ತದೆ, ಬ್ಯಾಟರಿ ಅದಕ್ಕೆ ದಂಡ ತೆರುತ್ತದೆ. ನೂರು ಕಿಲೋ ತೂಕದ ಯಂತ್ರವನ್ನು ಕಾಂಕ್ರೀಟಿನ ಮೇಲೆ ನಡಿಗೆಯ ವೇಗದಲ್ಲಿ, ಸೆಕೆಂಡಿಗೆ ಒಂದು ಮೀಟರ್‌ನಂತೆ, ನೇರ ಉರುಳಿಸಲು ಹದಿನೈದು ಇಪ್ಪತ್ತು ವಾಟ್ ಸಾಕು. ಅದೇ ಯಂತ್ರ ಸಡಿಲ ಮಣ್ಣಿಗೆ ಇಳಿಯಿತೋ, ನೂರರಿಂದ ಇನ್ನೂರು ವಾಟ್ ಬೇಕು. ಇದು ಒಣ ನೆಲದ ಲೆಕ್ಕ.

ತಿಕೋಟಾದಿಂದ ಬಬಲೇಶ್ವರದತ್ತ ಹೋದರೆ, ಡೋಣಿ ನದಿ ದಂಡೆಯ ಎರೆ ಹೊಲಗಳಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು. ಎರೆ ಮಣ್ಣಿನ ಜೇಡಿಕಣ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆ ಬಿದ್ದ ಮರುದಿನ ಈ ಹೊಲದಲ್ಲಿ ಹತ್ತು ಹೆಜ್ಜೆ ಇಟ್ಟವರಿಗೆ ಗೊತ್ತು, ಚಪ್ಪಲಿಗೆ ಹತ್ತಿದ ಮಣ್ಣು ಚಪ್ಪಲಿಗಿಂತ ಭಾರ. ಗಾಲಿಗೂ ಅದೇ ಗತಿ. ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿ ಅದು ಸಪಾಟಾಗುತ್ತದೆ, ಗಾಲಿ ತಿರುಗುತ್ತಿದ್ದರೂ ಯಂತ್ರ ಮುಂದೆ ಸಾಗುವುದಿಲ್ಲ. ಏಪ್ರಿಲ್‌ನಲ್ಲಿ ಸಮಸ್ಯೆ ತಿರುವುಮುರುವು: ಬಾಯಿಬಿಟ್ಟ ಬಿರುಕುಗಳಲ್ಲಿ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ. ಟ್ರ್ಯಾಕ್ಟರ್ ಇಷ್ಟು ದೊಡ್ಡ ಗಾಲಿ ಹೊತ್ತು ತಿರುಗುವುದು ಶೋಕಿಗಲ್ಲ.

ಹಾಗಾದರೆ ಕಾಲಿರುವ ಯಂತ್ರ? 2025ರ ಜನವರಿ 15ರಂದು ಪುಣೆಯಲ್ಲಿ ನಡೆದ ಸೇನಾ ದಿನದ ಪೆರೇಡಿನಲ್ಲಿ ನಾಲ್ಕು ಕಾಲಿನ 'ಮ್ಯೂಲ್' ರೋಬೊಗಳು ಹೆಜ್ಜೆ ಹಾಕಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಮೆಟ್ಟಿಲು, ಕಲ್ಲು, ತಗ್ಗುದಿಣ್ಣೆ ಯಾವುದೂ ಅವಕ್ಕೆ ಲೆಕ್ಕಕ್ಕಿಲ್ಲ. ಆದರೆ ನಾಲ್ಕು ಕಾಲೆಂದರೆ ಕಾಲಿಗೆ ಮೂರರಂತೆ ಹನ್ನೆರಡು ಮೋಟರು, ಮತ್ತು ಸುಮ್ಮನೆ ನಿಲ್ಲುವುದಕ್ಕೂ ಬ್ಯಾಟರಿ ಖರ್ಚು. ಬಾಸ್ಟನ್ ಡೈನಾಮಿಕ್ಸ್ ಕಂಪನಿಯ 'ಸ್ಪಾಟ್' ಸುಮಾರು 32 ಕಿಲೋ ತೂಗುತ್ತದೆ, ಒಂದು ಚಾರ್ಜಿಗೆ ಒಂದೂವರೆ ತಾಸು ನಡೆಯುತ್ತದೆ. 2020ರಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 74,500 ಡಾಲರ್. ಅಷ್ಟು ದುಡ್ಡಿದ್ದರೆ ತಿಕೋಟಾ ಕಡೆ ದ್ರಾಕ್ಷಿ ಪಡಕ್ಕೆ ಸುತ್ತ ಗೋಡೆಯನ್ನೇ ಕಟ್ಟಿಸಬಹುದು.

ಗಾಲಿಯ ಮೇಲೆ ಬ್ಯಾಟರಿ. ಇದು ನನಗೆ ಇಡೀ ಯಂತ್ರದ ಅತ್ಯಂತ ಕುತೂಹಲದ ಭಾಗ. ಇಲ್ಲಿನ ಬಿಸಿಲಿಗೂ ಈ ಯಂತ್ರಕ್ಕೂ ನೇರ ಜಗಳ ಹತ್ತುವುದು ಇಲ್ಲೇ. ಮೊದಲು ಖರ್ಚಿನ ಪಟ್ಟಿ ನೋಡೋಣ. ಗಣಕಕ್ಕೆ ಮೂವತ್ತರಿಂದ ಅರವತ್ತು ವಾಟ್, ಲೇಸರಿನಿಂದ ದೂರ ಅಳೆಯುವ ಲೈಡಾರ್ ಒಂದಕ್ಕೆ ಹತ್ತರ ಆಸುಪಾಸು, ಕ್ಯಾಮೆರಾಗಳೆಲ್ಲ ಸೇರಿ ಇಪ್ಪತ್ತು, ಮೋಡೆಮ್ಮು ಮತ್ತು ದೀಪಕ್ಕೆ ಇನ್ನೊಂದಿಷ್ಟು, ಉಳಿದದ್ದು ಮೋಟರಿಗೆ. ಒಳ್ಳೆಯ ನೆಲದ ಮೇಲೆ ಸರಾಸರಿ ಇನ್ನೂರು ವಾಟ್ ಹಿಡಿದರೆ, ಹತ್ತು ತಾಸಿನ ರಾತ್ರಿಗೆ ಎರಡು ಯೂನಿಟ್ ಕರೆಂಟು. ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಮೂರು ನಾಲ್ಕು ಯೂನಿಟ್ಟಿನ ಬ್ಯಾಟರಿ ಬರುತ್ತದಾದ್ದರಿಂದ ಇದೇನೂ ದೊಡ್ಡ ಬೇಡಿಕೆಯಲ್ಲ.

ತೊಡಕು ಇರುವುದು ಶಾಖದಲ್ಲಿ. ಲಿಥಿಯಂ ಕೋಶಗಳನ್ನು ಸಾಮಾನ್ಯವಾಗಿ ಸೊನ್ನೆಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕು. ಅದು ಹೊರಗಿನ ಗಾಳಿಯ ಉಷ್ಣಾಂಶವಲ್ಲ, ಕೋಶದ್ದು. ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 41, 42 ದಾಟುತ್ತದೆ. ಬಿಸಿಲಲ್ಲಿ ನಿಂತ ಮುಚ್ಚಿದ ಪೆಟ್ಟಿಗೆಯೊಳಗೆ ಅದು ಎಲ್ಲಿಗೆ ಏರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿಯನ್ನು ನೋಡಿಕೊಳ್ಳುವ ಸಣ್ಣ ಸರ್ಕ್ಯೂಟು, ಬಿಎಂಎಸ್, ಇದನ್ನು ಕಂಡು ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ಅದರ ಕರ್ತವ್ಯವೇ ಅದು. ರಾತ್ರಿ ತಂಪಿದ್ದಾಗ ಚಾರ್ಜ್ ಮಾಡೋಣವೆಂದರೆ ಯಂತ್ರಕ್ಕೆ ಕೆಲಸವಿರುವುದೇ ರಾತ್ರಿ. ಹೀಗಾಗಿ ರೋಬೊ ಕೊಳ್ಳುವ ಮೊದಲು ಅದಕ್ಕೊಂದು ತಂಪಾದ ಕೋಣೆ ಕಟ್ಟಬೇಕು. ಹಗಲೆಲ್ಲ ಅದು ಅಲ್ಲಿ ಮಲಗಿ ಚಾರ್ಜ್ ಆಗಬೇಕು. ಕೋಶಗಳಲ್ಲೂ ಆಯ್ಕೆ ಇದೆ: ಲಿಥಿಯಂ ಐರನ್ ಫಾಸ್ಫೇಟ್ ಬಗೆಯವು ಭಾರ, ಆದರೆ ಬೆಂಕಿ ಹತ್ತುವ ಭಯ ಕಡಿಮೆ, ಬಾಳಿಕೆ ಹೆಚ್ಚು. ನಿಕ್ಕಲ್ ಬಗೆಯವು ಹಗುರ, ಶಾಖಕ್ಕೆ ಸಿಡುಕು. ನಮ್ಮ ಊರಿಗೆ ಮೊದಲನೆಯದೇ ಲೇಸು.

ಇದೇ ಶಾಖ ಗಣಕವನ್ನೂ ಕಾಡುತ್ತದೆ. ಧೂಳು, ಮಳೆ ಒಳಗೆ ಹೋಗಬಾರದೆಂದು ಮೈಯನ್ನು ಐಪಿ65 ಮಟ್ಟಕ್ಕೆ ಮುಚ್ಚುತ್ತಾರೆ. ಮೊದಲ ಅಂಕಿ 6 ಎಂದರೆ ಧೂಳಿಗೆ ಪೂರ್ತಿ ತಡೆ, ಎರಡನೆಯ 5 ಎಂದರೆ ಪೈಪಿನಿಂದ ನೀರು ಹೊಡೆದರೂ ಚಿಂತೆಯಿಲ್ಲ. ಧೂಳಿಗೆ ಮುಚ್ಚಿದ ಬಾಗಿಲು ಗಾಳಿಗೂ ಮುಚ್ಚಿತು. ಫ್ಯಾನಿನಿಂದ ಹೊರಗಿನ ಗಾಳಿ ಎಳೆಯುವಂತಿಲ್ಲ. ಒಳಗಿನ ಬಿಸಿಯೆಲ್ಲ ಅಲ್ಯುಮಿನಿಯಂ ಹೊದಿಕೆಯ ಮೂಲಕವೇ ಹೊರಹೋಗಬೇಕು. ಆ ಹೊದಿಕೆಯೇ ಬಿಸಿಲಿಗೆ ಕಾದಿದ್ದರೆ? ಗಣಕದ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನಾಗಿ ನಿಧಾನವಾಗುತ್ತದೆ. ಎನ್‌ವಿಡಿಯಾದ ಜೆಟ್‌ಸನ್ ಎಜಿಎಕ್ಸ್ ಓರಿನ್, ಇಂಥ ಯಂತ್ರಗಳಲ್ಲಿ ಹಾಕುವ ಫಲಕಗಳಲ್ಲಿ ಒಂದು, ಸೆಕೆಂಡಿಗೆ 275 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದೆಂದು ಕಂಪನಿ ಹೇಳುತ್ತದೆ. ಆ ಅಂಕಿ ತಂಪಿದ್ದಾಗಿನ ಮಾತು.

ಇನ್ನು ಕಣ್ಣು. ಈಚಿನ ವರ್ಷಗಳಲ್ಲಿ ಬೆಲೆ ಬಿದ್ದಿರುವುದು ಇಲ್ಲೇ. 2007ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಚಾಲಕನಿಲ್ಲದ ಕಾರುಗಳ ಪಂದ್ಯ ನಡೆಸಿದಾಗ, ಕೊನೆ ಮುಟ್ಟಿದ ಆರು ವಾಹನಗಳ ಪೈಕಿ ಐದರ ನೆತ್ತಿಯ ಮೇಲೆ ವೆಲೋಡೈನ್ ಕಂಪನಿಯ ಗಿರಗಿರ ತಿರುಗುವ ಲೈಡಾರ್ ಇತ್ತು. ಒಂದರ ಬೆಲೆ 75,000 ಡಾಲರ್ ಸುತ್ತಮುತ್ತ, ಆಗಿನ ಲೆಕ್ಕದಲ್ಲಿ ಮೂವತ್ತು ಲಕ್ಷ ರೂಪಾಯಿ. ಈಗ ರೋಬೊಗೆ ಸಾಲುವಂಥ ಲೈಡಾರ್ ಕೆಲವು ನೂರು ಡಾಲರಿಗೆ ಸಿಗುತ್ತದೆ. ಅದರ ಕೆಲಸ ಇಷ್ಟೇ. ಕಣ್ಣಿಗೆ ಕಾಣದ ಲೇಸರಿನ ಒಂದು ಮಿಡಿತ ಬಿಡುವುದು, ಅದು ಬಡಿದು ಮರಳುವವರೆಗೆ ಕಾಲ ಅಳೆಯುವುದು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಹದಿನೈದು ಮೀಟರ್ ಆಚೆಯ ಗೋಡೆಯಿಂದ ಉತ್ತರ ಬರಲು ನೂರು ನ್ಯಾನೊಸೆಕೆಂಡು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಅಳೆದು ಸುತ್ತಲಿನ ಜಾಗವನ್ನು ಚುಕ್ಕಿಗಳ ಆಕಾರವಾಗಿ ಕಟ್ಟುತ್ತದೆ. ಕತ್ತಲು ಅದಕ್ಕೆ ಅಡ್ಡಿಯಲ್ಲ. ಗಾಜು ಅಡ್ಡಿ, ಯಾಕೆಂದರೆ ಲೇಸರು ಗಾಜಿನೊಳಗೆ ತೂರಿಹೋಗುತ್ತದೆ. ಎದ್ದ ಧೂಳೂ ಅಡ್ಡಿ, ಒಂದೊಂದು ಕಣವೂ ಸುಳ್ಳು ಉತ್ತರ ಕೊಡುತ್ತದೆ. ಮಣೂಕ ಒಣಗಿಸುವ ಶೆಡ್ಡಿನ ಹಸಿರು ನೆಟ್ಟು ಗಾಳಿಗೆ ಅಲ್ಲಾಡುತ್ತಿದ್ದರೆ ಲೈಡಾರಿಗೆ ಅದು ಗೋಡೆಯೋ ಬಯಲೋ ತಿಳಿಯುವುದಿಲ್ಲ.

ಗಾಜಿನ ಕುರುಡು ತುಂಬಲು ಅಲ್ಟ್ರಾಸಾನಿಕ್ ಸಂವೇದಕ ಹಾಕುತ್ತಾರೆ. ಕಾರು ಹಿಂದೆ ತೆಗೆಯುವಾಗ ಕುಂಯ್ ಕುಂಯ್ ಅನ್ನಿಸುವುದು ಇದೇ. ಇದನ್ನು ವಿಜಯಪುರದವರಿಗೆ ವಿವರಿಸಿ ಹೇಳುವುದು ಅಧಿಕಪ್ರಸಂಗ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದವರೆಲ್ಲ ಈ ಪ್ರಯೋಗ ಮಾಡಿದವರೇ. ಅಲ್ಲಿ ದನಿ ಸುಮಾರು 38 ಮೀಟರ್ ಅಗಲದ ಗುಮ್ಮಟ ದಾಟಲು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ತೆಗೆದುಕೊಳ್ಳುತ್ತದೆ. ರೋಬೊ ನಮಗೆ ಕೇಳದ 40 ಸಾವಿರ ಹರ್ಟ್ಸ್‌ನ ದನಿ ಬಿಟ್ಟು ಮರುದನಿಗೆ ಕಾಯುತ್ತದೆ. ಇಲ್ಲೂ ಬಿಸಿಲಿನ ಕೈವಾಡವಿದೆ. 20 ಡಿಗ್ರಿಯಲ್ಲಿ ದನಿಯ ವೇಗ ಸೆಕೆಂಡಿಗೆ 343 ಮೀಟರ್, 42 ಡಿಗ್ರಿಯಲ್ಲಿ 357ರ ಸಮೀಪ. ಉಷ್ಣಾಂಶ ನೋಡಿ ಸರಿಪಡಿಸಿಕೊಳ್ಳದ ಅಗ್ಗದ ಸಂವೇದಕಕ್ಕೆ ಮೂರು ಮೀಟರ್ ದೂರದ ಗೋಡೆ ಹನ್ನೆರಡು ಸೆಂಟಿಮೀಟರ್ ಹತ್ತಿರ ಬಂದಂತೆ ತೋರುತ್ತದೆ.

ಕತ್ತಲಲ್ಲಿ ಮನುಷ್ಯನನ್ನು ಹಿಡಿಯಲು ಥರ್ಮಲ್ ಕ್ಯಾಮೆರಾದಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದು ಬೆಳಕನ್ನು ನೋಡುವುದಿಲ್ಲ, ಮೈಯಿಂದ ಹೊಮ್ಮುವ ಶಾಖವನ್ನು, 8ರಿಂದ 14 ಮೈಕ್ರಾನ್ ಉದ್ದದ ಅಲೆಗಳನ್ನು ನೋಡುತ್ತದೆ. ಸಾದಾ ಗಾಜಿನ ಮೂಲಕ ಈ ಅಲೆ ಹಾಯುವುದಿಲ್ಲವಾದ್ದರಿಂದ ಅದರ ಲೆನ್ಸು ಜರ್ಮೇನಿಯಂ ಎಂಬ ದುಬಾರಿ ಧಾತುವಿನದು. ಕಣ್ಣು ಅಗ್ಗ ಎಂಬ ನನ್ನ ಮಾತಿಗೆ ಇದೊಂದು ಅಪವಾದ. ಎರಡು ವಸ್ತುಗಳ ನಡುವೆ ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದಷ್ಟು ವ್ಯತ್ಯಾಸವಿದ್ದರೂ ಒಳ್ಳೆಯ ಥರ್ಮಲ್ ಕ್ಯಾಮೆರಾ ಬೇರ್ಪಡಿಸಿ ತೋರಿಸುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ? ವಿಜಯಪುರದ ಹಳೆಯ ಗೋಡೆಗಳೆಲ್ಲ ಕಪ್ಪು ಬಸಾಲ್ಟ್ ಕಲ್ಲಿನವು. ಹಗಲಿಡೀ ಬಿಸಿಲುಂಡ ಕಲ್ಲು ರಾತ್ರಿ ನಿಧಾನಕ್ಕೆ ಆರುತ್ತದೆ. ಹಾಗೆ ಆರುತ್ತ ಮನುಷ್ಯನ ಚರ್ಮದ 33, 34 ಡಿಗ್ರಿಯನ್ನು ಹಾಯುವ ಹೊತ್ತಿನಲ್ಲಿ, ಆ ಗೋಡೆಗೆ ಬೆನ್ನು ಹಚ್ಚಿ ನಿಂತವನು ಕ್ಯಾಮೆರಾಕ್ಕೆ ಬಹುಪಾಲು ಮಾಯ. ಚಳಿದೇಶದ ಕಂಪನಿಗಳು ತೋರಿಸುವ ಚಿತ್ರಗಳಲ್ಲಿ ಕಳ್ಳ ಕೆಂಡದಂತೆ ಬೆಳಗುತ್ತಾನೆ. ಇಬ್ರಾಹಿಂ ರೋಜಾದ ಗೋಡೆಯ ಮುಂದೆ ಮೇ ತಿಂಗಳ ಸಂಜೆ ಅಂಥ ಚಿತ್ರ ತೆಗೆದು ತೋರಿಸಲಿ, ಆಮೇಲೆ ಮಾತು.

ಸಾದಾ ಕ್ಯಾಮೆರಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಓಣಿಯ ಸಿಸಿಟಿವಿಯಲ್ಲಿರುವುದೇ ಇಲ್ಲೂ ಇರುತ್ತದೆ, ಸುತ್ತ ನಾಲ್ಕು.

ತಾನೆಲ್ಲಿದ್ದೇನೆಂಬ ಅರಿವು ಬೇರೆಯೇ ಸಮಸ್ಯೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ತೋರಿಸಿದರೆ ನಮಗೇನೂ ಆಗುವುದಿಲ್ಲ, ರೋಬೊ ಗಟಾರಿಗೆ ಬೀಳುತ್ತದೆ. ಅದಕ್ಕೇ ಆರ್‌ಟಿಕೆ ಎಂಬ ತಿದ್ದುಪಡಿ ವಿಧಾನ ಬಳಸುತ್ತಾರೆ. ನೆಲದ ಮೇಲಿನ ಸ್ಥಿರ ಕೇಂದ್ರವೊಂದು ಉಪಗ್ರಹದ ಸಂಕೇತದಲ್ಲಿನ ದೋಷ ಲೆಕ್ಕ ಹಾಕಿ ಕಳಿಸುತ್ತಿದ್ದರೆ ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಭೂಮಾಪನ ಇಲಾಖೆಯವರು ಈಗ ಸರಪಳಿ ಬಿಟ್ಟು ರೋವರ್ ಹಿಡಿದು ಬರುತ್ತಿರುವುದೂ ಇದೇ ವಿದ್ಯೆಯ ಬಲದಿಂದ. ತಿಕೋಟಾದ ಬಯಲಿನಲ್ಲಿ ಆಕಾಶ ಪೂರ್ತಿ ತೆರೆದಿದೆ, ಆರ್‌ಟಿಕೆಗೆ ಹಬ್ಬ. ಲೈಡಾರಿಗೆ ಮಾತ್ರ ಅಲ್ಲಿ ಗುರುತು ಹಿಡಿಯಲು ಗೋಡೆಯಿಲ್ಲ, ಕಂಬವಿಲ್ಲ, ಸಾಲು ಸಾಲು ಒಂದೇ ಥರದ ದ್ರಾಕ್ಷಿ ಬಳ್ಳಿ. ಗೋಲಗುಮ್ಮಟದ ಬುಡಕ್ಕೆ ಬಂದರೆ ಎತ್ತರದ ಗೋಡೆ ಅರ್ಧ ಆಕಾಶ ಮುಚ್ಚುತ್ತದೆ, ಸಂಕೇತ ಗೋಡೆಗೆ ಬಡಿದು ಬಂದು ದಾರಿ ತಪ್ಪಿಸುತ್ತದೆ. ಅಲ್ಲಿ ಲೈಡಾರೇ ಗತಿ. ಹೀಗಾಗಿ ಎರಡೂ ಬೇಕು. ಎರಡೂ ಕೈಕೊಟ್ಟ ಕ್ಷಣದಲ್ಲಿ ಗಾಲಿ ಎಷ್ಟು ಸುತ್ತು ತಿರುಗಿತೆಂಬ ಎಣಿಕೆ, ಜೊತೆಗೆ ಬೆರಳುಗುರಿನಷ್ಟು ಚಿಕ್ಕ ಗೈರೊಸ್ಕೋಪು. ಎರೆ ಮಣ್ಣಿನಲ್ಲಿ ಗಾಲಿ ಜಾರಿತೆಂದರೆ ಆ ಎಣಿಕೆಯೂ ಸುಳ್ಳು. ನೋಡಿ, ಮತ್ತೆ ಕಾಲಿಗೇ ಬಂತು.

ದೃಶ್ಯವನ್ನು ಕಂಟ್ರೋಲ್ ರೂಮಿಗೆ ಮುಟ್ಟಿಸುವುದು ಮೋಡೆಮ್ಮಿನ ಕೆಲಸ. ಒಂದು ಹೈ ಡೆಫಿನಿಷನ್ ಕ್ಯಾಮೆರಾದ ವಿಡಿಯೊಗೆ ಸೆಕೆಂಡಿಗೆ ಎರಡರಿಂದ ನಾಲ್ಕು ಮೆಗಾಬಿಟ್. ನಾಲ್ಕು ಕ್ಯಾಮೆರಾ ಸೇರಿದರೆ ಎಂಟರಿಂದ ಹದಿನಾರು ಆಗುತ್ತದೆ, ಅದೂ ಅಪ್‌ಲೋಡ್ ದಿಕ್ಕಿನಲ್ಲಿ. ಹಳ್ಳಿಯ ಟವರಿನ ಮೇಲೆ ಇಷ್ಟು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಯಂತ್ರ ತಾನೇ ನೋಡಿ, ಮನುಷ್ಯನೋ ಹಂದಿಯೋ ತೀರ್ಮಾನಿಸಿ, ಅನುಮಾನ ಬಂದ ಕೆಲವೇ ಸೆಕೆಂಡುಗಳ ತುಣುಕು ಕಳಿಸುವಂತೆ ಕಟ್ಟುತ್ತಾರೆ. ಗಣಕಕ್ಕೆ ಅಷ್ಟು ಶಕ್ತಿ ಕೊಟ್ಟಿರುವುದು ಈ ಕಾರಣಕ್ಕೆ. ಇಲ್ಲೊಂದು ಅಪಾಯವೂ ಇದೆ. 2025ರಲ್ಲಿ ಚೀನಾದ ಯೂನಿಟ್ರೀ ಕಂಪನಿಯ ರೋಬೊ ನಾಯಿಗಳ ಬ್ಲೂಟೂತ್ ಸಂಪರ್ಕದಲ್ಲಿ, ಹತ್ತಿರ ನಿಂತವರು ಯಂತ್ರವನ್ನೇ ವಶಕ್ಕೆ ತೆಗೆದುಕೊಳ್ಳಬಹುದಾದ ಲೋಪವನ್ನು ಸಂಶೋಧಕರು ಬಯಲಿಗೆಳೆದರು. ಕಾವಲಿಗಿಟ್ಟದ್ದು ಕಳ್ಳನ ಮಾತು ಕೇಳುವಂತಾದರೆ ಅದಕ್ಕಿಂತ ನಗೆಪಾಟಲು ಬೇರೆಯಿಲ್ಲ.

ಅಮೆರಿಕದ ನೈಟ್‌ಸ್ಕೋಪ್ ಕಂಪನಿಯ ಕೆ5 ಎಂಬ ಯಂತ್ರದ ಚರಿತ್ರೆ ಓದಿದರೆ ಈ ಎಲ್ಲ ಭಾಗಗಳು ಹೊರಜಗತ್ತಿನಲ್ಲಿ ಹೇಗೆ ಪರೀಕ್ಷೆಗೆ ಒಳಗಾದವೆಂಬುದು ತಿಳಿಯುತ್ತದೆ. ಆಳೆತ್ತರ, ತೂಕ 180 ಕಿಲೋ, ವೇಗ ನಮ್ಮ ನಡಿಗೆಯಷ್ಟು. 2016ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮಾಲ್‌ನಲ್ಲಿ ಅದು ಹದಿನಾರು ತಿಂಗಳ ಮಗುವಿಗೆ ಡಿಕ್ಕಿ ಹೊಡೆಯಿತು. ಮರುವರ್ಷ ವಾಷಿಂಗ್ಟನ್‌ನ ಕಚೇರಿ ಸಂಕೀರ್ಣವೊಂದರಲ್ಲಿ ಮೆಟ್ಟಿಲಿಳಿದು ಕಾರಂಜಿಯ ಕೊಳಕ್ಕೆ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಪೊಲೀಸರು ಅದನ್ನು ಟೈಮ್ಸ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣಕ್ಕೆ ತಂದರು. ಬಾಡಿಗೆ ತಾಸಿಗೆ 9 ಡಾಲರ್. ಮೆಟ್ಟಿಲು ಹತ್ತಲಾಗದ ಆ ಯಂತ್ರದ ಜೊತೆಗೆ ಪೊಲೀಸರೂ ನಿಲ್ಲಬೇಕಾಯಿತು. 2024ರ ಫೆಬ್ರುವರಿ ಹೊತ್ತಿಗೆ ಅದು ಮೂಲೆ ಸೇರಿತು. ಮಗುವಿನ ಘಟನೆಯೊಂದನ್ನು ಬಿಟ್ಟರೆ, ಕೊಳಕ್ಕೆ ಬಿದ್ದದ್ದಾಗಲಿ ಮೆಟ್ಟಿಲಿನ ಮುಂದೆ ನಿಂತದ್ದಾಗಲಿ ಗಾಲಿಯ ಸೋಲು, ಕಣ್ಣಿನದಲ್ಲ. ತಾಸಿಗೆ 9 ಡಾಲರ್ ಎಂದರೆ ಹಗಲು ರಾತ್ರಿ ಸೇರಿ ತಿಂಗಳಿಗೆ ಐದು ಲಕ್ಷ ರೂಪಾಯಿಗೂ ಮೇಲೆ. ನ್ಯೂಯಾರ್ಕಿನ ಕನಿಷ್ಠ ಕೂಲಿಗಿಂತ ಅದು ಕಡಿಮೆ ಎಂದು ಅಲ್ಲಿನ ಮೇಯರ್ ಹೆಮ್ಮೆಪಟ್ಟರು. ಆ ದುಡ್ಡಿಗೆ ಬಬಲೇಶ್ವರದಲ್ಲಿ ಎಷ್ಟು ಜನ ವಾಚಮನ್ನರು ಸಿಗುತ್ತಾರೆಂದು ಓದುಗರೇ ಲೆಕ್ಕ ಹಾಕಲಿ.

ನಡೆಯುವುದರಿಂದ ಕಾವಲಿಗೆ ನಿಜವಾಗಿ ಸಿಗುವ ಲಾಭವೇನು? ಹತ್ತು ಎಕರೆಯ ಚೌಕ ಜಾಗದ ಸುತ್ತಳತೆ ಸುಮಾರು 800 ಮೀಟರ್. ಸೆಕೆಂಡಿಗೊಂದು ಮೀಟರ್ ನಡೆಯುವ ರೋಬೊಗೆ ಒಂದು ಸುತ್ತಿಗೆ ಹದಿಮೂರು ನಿಮಿಷ. ಕೇಬಲ್ ಕತ್ತರಿಸುವವನಿಗೆ ಅಷ್ಟು ಹೊತ್ತು ಬೇಕಿಲ್ಲ. ಅದೇ ನಾಲ್ಕು ಮೂಲೆಗೆ ನಾಲ್ಕು ಕಂಬ ನೆಟ್ಟು ಕ್ಯಾಮೆರಾ ಕೂರಿಸಿದರೆ ಯಾವ ಕ್ಷಣದಲ್ಲೂ ಬೇಲಿ ಕಣ್ಣಳತೆಯಲ್ಲೇ ಇರುತ್ತದೆ. ಆದಿಲ್‌ಶಾಹಿ ಕಾಲದವರಿಗೆ ಇದು ಗೊತ್ತಿತ್ತು. ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಇದ್ದೂ, 1584ರಲ್ಲಿ ಹೈದರ್ ಖಾನ್ 80 ಅಡಿ ಎತ್ತರದ ಉಪ್ಪಲಿ ಬುರುಜು ಕಟ್ಟಿಸಿದ. ಎತ್ತರದಿಂದ ನೋಡುವವನಿಗೆ ಸುತ್ತುವ ಕೆಲಸ ಕಡಿಮೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಪೊಲೀಸ್ ರೋಬೊಗಳೂ ಕ್ಯಾಮೆರಾದ ಕಂಬವನ್ನು 2.3 ಮೀಟರ್‌ವರೆಗೆ ಎತ್ತುತ್ತವೆ. ಎತ್ತರದ ಬೆಲೆ ಅವರಿಗೂ ತಿಳಿದಿದೆ.

ಹಾಗೆಂದು ಗಾಲಿಗೆ ಕೆಲಸವೇ ಇಲ್ಲವೆಂದಲ್ಲ. ಕಂಬದ ಮೇಲಿನ ಕ್ಯಾಮೆರಾ ಹತ್ತಿರ ಹೋಗಿ ಮೂಸಿ ನೋಡಲಾರದು. ನಮ್ಮ ಕಡೆ ಮಣೂಕ ಇಡುವ ಕೋಲ್ಡ್ ಸ್ಟೋರೇಜುಗಳನ್ನೇ ತೆಗೆದುಕೊಳ್ಳಿ. ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲಿ ತಂಪು ಹುಟ್ಟಿಸುವುದು ಹೆಚ್ಚಾಗಿ ಅಮೋನಿಯಾ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ ಅಮೋನಿಯಾ ಇದ್ದರೆ ದಿನವಿಡೀ ದುಡಿಯುವವರಿಗೆ ಅದು ಎಚ್ಚರಿಕೆಯ ಗೆರೆ, 300 ಭಾಗವಾದರೆ ಜೀವಕ್ಕೇ ಅಪಾಯ. ರಾತ್ರಿ ಸೋರಿಕೆಯಾದರೆ ವಾಚಮನ್ನನನ್ನು ಒಳಗೆ ಕಳಿಸುವುದು ಪಾಪ. ಒಂದು ಸಣ್ಣ ಅಮೋನಿಯಾ ಸಂವೇದಕ, ಒಂದು ಥರ್ಮಲ್ ಕ್ಯಾಮೆರಾ ಹೊತ್ತ ಯಂತ್ರ ಕಂಪ್ರೆಸರ್ ಕೋಣೆಯಲ್ಲಿ ತಾಸಿಗೊಮ್ಮೆ ಸುತ್ತಿ, ವಾಲ್ವಿನ ಬಳಿ ಗಾಳಿ ನೋಡಿ, ಸ್ವಿಚ್‌ಬೋರ್ಡಿನಲ್ಲಿ ಸಡಿಲವಾಗಿ ಕಾದಿರುವ ಜಾಯಿಂಟು ಹಿಡಿದು, ಬಾಗಿಲು ಸರಿಯಾಗಿ ಮುಚ್ಚಿದೆಯೇ ಪರೀಕ್ಷಿಸಿ ಬಂದರೆ ಅದು ಕೊಟ್ಟ ಹಣಕ್ಕೆ ಸಲ್ಲುವ ಕೆಲಸ. ನೆಲ ಕಾಂಕ್ರೀಟು, ಮೇಲೆ ಸೂರು, ಪಕ್ಕದಲ್ಲೇ ಕರೆಂಟು. ಬೆಂಗಳೂರಿನ ಎಂಜಿನಿಯರರು ಹೇಳಿದ ಅರೆ ವ್ಯವಸ್ಥಿತ ಜಾಗವೆಂದರೆ ಇದೇ. ಒಂದೇ ಎಚ್ಚರ: ನಾಲ್ಕು ಡಿಗ್ರಿಯ ಕೋಣೆಯಿಂದ ಹೊರಗಿನ ಬಿಸಿಗೆ ಬಂದ ಕೂಡಲೇ ಲೆನ್ಸಿನ ಮೇಲೆ ಹನಿ ಕೂರುತ್ತದೆ. ಅದನ್ನು ಆರಿಸಲು ಸಣ್ಣ ಹೀಟರ್ ಇದೆಯೇ ಕೇಳಬೇಕು.

ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರ, ತುಬಚಿ–ಬಬಲೇಶ್ವರ ಏತ ನೀರಾವರಿಯ ಪಂಪ್‌ಹೌಸು, ತೊರವಿಯ ಮಹಿಳಾ ವಿಶ್ವವಿದ್ಯಾಲಯದ ಆವರಣ, ಇಲ್ಲೆಲ್ಲ ಡಾಂಬರು ರಸ್ತೆಯ ಮೇಲೆ ಇಂಥ ಯಂತ್ರ ನಡೆದೀತು. ದ್ರಾಕ್ಷಿ ಪಡಕ್ಕೆ ಮಾತ್ರ ನಾನು ಒಲ್ಲೆ ಅನ್ನುತ್ತೇನೆ. ಅಲ್ಲಿಗೆ ಕಂಬ, ಅದರ ಮೇಲೊಂದು ಕ್ಯಾಮೆರಾ, ಸೋಲಾರ್ ಪ್ಲೇಟು, ಒಂದು ಸಿಮ್ಮು, ಮತ್ತು ಕರೆದರೆ ಎದ್ದು ಬರುವ ಒಬ್ಬ ಮನುಷ್ಯ ಸಾಕು.

ಆದರೂ ಯಾರಾದರೂ ಕೊಳ್ಳಲು ಹೊರಟರೆ ರಿಪೇರಿಯ ಮಾತು ಮೊದಲೇ ಆಡಿಕೊಳ್ಳಲಿ. ಇದರ ಕೆಳಗಿನ ಅರ್ಧ, ಎಂದರೆ ಗಾಲಿ, ಮೋಟರು, ಬ್ಯಾಟರಿ, ವಿಜಯಪುರದಲ್ಲೇ ದುರಸ್ತಿಯಾದೀತು. ಎಲೆಕ್ಟ್ರಿಕ್ ಆಟೊ ಬಿಚ್ಚಿ ಕಟ್ಟುವ ಹುಡುಗರು ಇಲ್ಲಿದ್ದಾರೆ, ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತವರಿದ್ದಾರೆ. ಮೇಲಿನ ಅರ್ಧ ಕೆಟ್ಟರೆ ಬೆಂಗಳೂರಿಗೋ ಪುಣೆಗೋ ಪಾರ್ಸಲ್. ಲೈಡಾರಿನ ಕಿಟಕಿಯ ಧೂಳನ್ನು ಒಣ ಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಆದ್ದರಿಂದ ದಿನವೂ ಸಂಜೆ ಅದನ್ನು ಹದವಾಗಿ ಒರೆಸಲು ಒಬ್ಬರಿಗೆ ಹೇಳಿಕೊಡಬೇಕು. ಆ ಸಂಬಳವನ್ನೂ ಯಂತ್ರದ ಬೆಲೆಗೆ ಸೇರಿಸಿ. ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಏಪ್ರಿಲ್‌ನಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ, ಇಲ್ಲೇ, ನಮ್ಮ ಅಂಗಳದಲ್ಲೇ ಓಡಿಸಿ ತೋರಿಸಿದ ಮೇಲೆ ಪೂರ್ತಿ ಹಣ. ಬೆಂಗಳೂರಿನ ಹವೆಯಲ್ಲಿ ಓಡಿದ ವಿಡಿಯೊ ಲೆಕ್ಕಕ್ಕಿಲ್ಲ.